ಕ್ರೀಡಾಪುಟದ ವಂದನಾರ್ಪಣೆ

ಸಿದ್ದಾಪುರ ತಾಲೂಕಿನ ಸಹ್ಯಶ್ರೀ ಮಹಾವಿದ್ಯಾಲಯದ ಕ್ರೀಡಾ ವಿಭಾಗವು ಸ್ವಂತ ಅಂತರ್ಜಾಲ ಪುಟವನ್ನು ಹೊಂದಿದೆ ಎಂದು ಈ ಮೂಲಕ ಸಕಲರಿಗೂ ತಿಳಿಯಪಡಿಸಲಾಗಿದೆ. ಖೋಖೋ ಕಂಬಗಳು ಇನ್ನೂ ಬಂದಿಲ್ಲ. ಬಂದಾವು ಬಿಡಿ, ಪುಟ ಬಂತಲ್ಲ!

ಖೋಖೋ ತಂಡದ ನಾಯಕಿ, ಕೋಲಸಿರ್ಸಿಯ ಅನುಶ್ರೀಗೆ ಮಾತ್ರ ಜೀವ ಕೈಯಲ್ಲಿತ್ತು. ಅವಳದ್ದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದು ಯಲ್ಲಾಪುರದ ಪಂದ್ಯದಲ್ಲಿ. ಶನಿವಾರ ಸಂಜೆ ಐದರೊಳಗೆ ಕಾಲೇಜಿನ ಹೆಸರು ಸೇರದಿದ್ದರೆ ಅವಳ ಆಟ ಅಲ್ಲಿಗೇ ಮುಗಿಯಿತು. ಹಿಂದೆಲ್ಲ ದೈಹಿಕ ಶಿಕ್ಷಣದ ಉಲ್ಲಾಸ ಸರ್ ಒಂದು ಫೋನ್ ಹಚ್ಚಿದರೆ ಕೆಲಸ ಆಗುತ್ತಿತ್ತು. ಈ ಸಲ ಪ್ರಾಂಶುಪಾಲ ಸೀತಾರಾಮ ಹೆಗಡೆಯವರ ಪ್ರಕಟಣೆ ಹೊರಬಿದ್ದಿತ್ತು: "ಕ್ರೀಡೆಯ ಸಕಲ ವ್ಯವಹಾರವೂ ಪುಟದ ಮೂಲಕವೇ ಆಗತಕ್ಕದ್ದು. ಅನ್ಯಮಾರ್ಗದಲ್ಲಿ ಓಡಿದವರನ್ನು ಓಡಿದವರೆಂದು ಪರಿಗಣಿಸಲಾಗುವುದಿಲ್ಲ."

ಫೇಸ್‌ಬುಕ್ಕಿನಿಂದ ಬರಲಿ, ಇನ್‌ಸ್ಟಾಗ್ರಾಮಿನಿಂದ ಬರಲಿ, ಎಲ್ಲರೂ ಮೊದಲು ಕಾಲಿಡಬೇಕಾದದ್ದು ಈ ಪುಟಕ್ಕೆ. ಉಲ್ಲಾಸ ಸರ್ ಪಾಪ, ನಾಲ್ಕು ಬಟನ್ ಇಟ್ಟು ಚೊಕ್ಕವಾಗಿಯೇ ಮಾಡಿದ್ದರು. ನೋಡಿದ ಹೆಗಡೆಯವರು ಕನ್ನಡಕ ತೆಗೆದರು.

"ಪ್ರಾರ್ಥನೆ ಇಲ್ಲೆ, ಸ್ವಾಗತ ಇಲ್ಲೆ, ಬಂದವ್ರಿಗೆ ಸೀದಾ ಬಟನ್ನ? ಎಂತ ಮಾರಾಯಾ ಇದು!"

ಮಾತು ಖರೆಯೇ. ನಮ್ಮ ಕಡೆ ಗಣಪತಿ ಸ್ತುತಿಯಿಲ್ಲದೆ ಸೊಸೈಟಿಯ ವಾರ್ಷಿಕ ಸಭೆಯೂ ಶುರುವಾಗುವುದಿಲ್ಲ. ಆದ್ದರಿಂದ ಪುಟ ತೆರೆದೊಡನೆ ವೀಡಿಯೊದಲ್ಲಿ ಪ್ರಾರ್ಥನೆ, ನಂತರ ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಆಡಳಿತ ಮಂಡಳಿ ಅಧ್ಯಕ್ಷ ಸಂಗಯ್ಯನವರ ಆಶಯ ಭಾಷಣ, ಸದಸ್ಯರೆಲ್ಲರ ಫೋಟೋ, ಕಡೆಗೆ ವಂದನಾರ್ಪಣೆ. ಅದೂ ಮುಗಿದ ಮೇಲೆ ನೋಂದಣಿಯ ಬಟನ್. ಮುಂದಕ್ಕೆ ಓಡಿಸಿ ನೋಡಲು ಅವಕಾಶವಿಲ್ಲ, ಅದು ಸಭಾಮರ್ಯಾದೆಗೆ ಭಂಗ. ನಡುವೆ ಎದ್ದು ಹೋದವರು ಪ್ರಾರ್ಥನೆಯಿಂದಲೇ ಮತ್ತೆ ಕೂರತಕ್ಕದ್ದು.

ಶನಿವಾರ ಊಟ ಬಿಟ್ಟು ಅನುಶ್ರೀ ನೀರಿನ ಟ್ಯಾಂಕಿನ ಪಕ್ಕದ ಗೇರುಮರದ ಬುಡದಲ್ಲಿ ನಿಂತಳು. ಕಾಲೇಜಿನಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ, ಅದೂ ಮನಸ್ಸು ಬಂದಾಗ. ವಂದನಾರ್ಪಣೆ ಮೈಕ್ ಸೆಟ್ಟಿನವರ ತನಕ ಬಂತು. ಶಾಮಿಯಾನದವರು ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

"ಎಂತದೇ ಇದು, ಮತ್ತೆ ಪ್ರಾರ್ಥನೆಗೇ ಬಂತಲ್ಲೇ!" ಎಂದಳು ಜೊತೆಗಿದ್ದ ಆಟಗಾರ್ತಿ ದುರ್ಗಿ.

ತಂಡದ ಹುಡುಗಿಯರೆಲ್ಲ ತಮ್ಮ ತಮ್ಮ ಮೊಬೈಲಿನಲ್ಲಿ ಪ್ರಾರ್ಥನೆ ಹಚ್ಚಿದರು. ಗೇರುಮರದ ಬುಡ ಭಜನೆ ಮನೆಯಾಯಿತೇ ಹೊರತು ಬಟನ್ ಯಾರಿಗೂ ಸಿಗಲಿಲ್ಲ. ನಾಲ್ಕೂವರೆಗೆ ಅನುಶ್ರೀ ಪ್ರಾಂಶುಪಾಲರ ಕೊಠಡಿಗೆ ಓಡಿದಳು.

"ಸರ್, ಟೈಮ್ ಆಗೋಯ್ತು. ಉಲ್ಲಾಸ ಸರ್ ಒಂದು ಫೋನ್ ಮಾಡ್ಲಿ ಸರ್, ದಮ್ಮಯ್ಯ."

"ಪ್ರಾರ್ಥನೆ ಕೇಳಿದೆಯಾ ತಂಗಿ? ಹೇಗಿದೆ?"

"ಚೆನ್ನಾಗಿದೆ ಸರ್, ಆದ್ರೆ..."

"ಚೆನ್ನಾಗಿದೆಯಲ್ಲ, ಹಾಗಾದ್ರೆ ಇನ್ನೊಂದು ಸಲ ಕೇಳು."

ಐದು ಗಂಟೆಗೆ, ಮತ್ತದೇ ಗೇರುಮರದ ಬುಡದಲ್ಲಿ, ಸಂಗಯ್ಯನವರು ಅವಳ ಅಂಗೈಯ ಮೊಬೈಲಿನಲ್ಲಿ ಯುವಜನತೆ ಮತ್ತು ಕ್ರೀಡೆಯ ಕುರಿತು ಮಾತಾಡುತ್ತಿದ್ದರು. ಅನುಶ್ರೀ ಅಲ್ಲೇ ಕುಕ್ಕರಿಸಿ ಅತ್ತಳು. ಮೂರು ವರ್ಷ ಗದ್ದೆಯ ಹಾಳಿ-ಬದುವಿನ ಮೇಲೆ ಓಡಿ ಅಭ್ಯಾಸ ಮಾಡಿದ ಹುಡುಗಿ; ಹೊಟ್ಟೆ ಉರಿಯದೆ ಇರುತ್ತದೆಯೇ?

ಮುಂದಿನ ವಾರ ಕಾಲೇಜಿನಲ್ಲಿ ಖೋಖೋ ತಂಡಕ್ಕೆ ಅದ್ದೂರಿ ಸನ್ಮಾನ. ಒಂದೇ ದಿನ ಪುಟಕ್ಕೆ ಅಷ್ಟೊಂದು ಜನ ಭೇಟಿ ಕೊಟ್ಟದ್ದು ತಾಲೂಕಿನಲ್ಲೇ ಮೊದಲು ಎಂದು ಹೆಗಡೆಯವರು ಘೋಷಿಸಿದರು. "ಅಲ್ಲದೆ ಈ ವರ್ಷ ನಮ್ಮ ಖೋಖೋ ತಂಡ ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ!" ಚಪ್ಪಾಳೆಗೆ ಮಾಡಿನ ತಗಡು ನಡುಗಿತು.

ಶಾಲು ಹೊದಿಸಿ ಅನುಶ್ರೀಗೆ ಮೈಕ್ ಕೊಟ್ಟರು. ಎರಡು ನಿಮಿಷ. ಇವತ್ತು ಎಲ್ಲರ ಮಾನ ಕಳೆದೇ ಇಳಿಯುವುದು ಎಂದು ಅವಳು ಗಟ್ಟಿ ಮಾಡಿಕೊಂಡೇ ಹತ್ತಿದ್ದಳು. ಆದರೆ ಬಾಯಿ ತೆರೆದರೆ ಬಂದದ್ದು, "ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರಾದ..." ಅಷ್ಟು ಸಲ ಕೇಳಿದ್ದಲ್ಲವೇ, ಹೆಸರುಗಳು ತಾವಾಗಿಯೇ ಸಾಲು ಹಿಡಿದು ಹೊರಟವು. ಮೈಕ್ ಸೆಟ್ಟಿನವರು, ಶಾಮಿಯಾನದವರು ಮುಗಿಯುವಷ್ಟರಲ್ಲಿ ಎರಡು ನಿಮಿಷವೂ ಮುಗಿಯಿತು. ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಂತರು.

"ಏ, ಭಾಳ ಚಲೋ ಆತ್ರಿ! ಒಬ್ಬರ ಹೆಸರೂ ಬಿಡಲಿಲ್ಲ ನೋಡ್ರಿ ಹುಡುಗಿ," ಎಂದರು ಸಂಗಯ್ಯನವರು. ಅನುಶ್ರೀ ಅವರಿಗೆ ಕೈ ಮುಗಿದಳು. ಮುಂದಿನ ವರ್ಷಕ್ಕೆ ನಾಯಕಿಯಾಗಬೇಕಿದ್ದ ದುರ್ಗಿ ಮರುದಿನದಿಂದಲೇ ಬೆಳಿಗ್ಗೆ ಬೇಗ ಮೈದಾನಕ್ಕೆ ಬಂದು ವಂದನಾರ್ಪಣೆಯ ಹೆಸರುಗಳನ್ನು ಬಾಯಿಪಾಠ ಮಾಡತೊಡಗಿದಳು.