ಬ್ಯಾರನ್‌ನಲ್ಲಿ ಬೆಂದ ಹಾರ್ಡ್ ಡಿಸ್ಕ್

ಬಾವಿಗೆ ಬಿದ್ದ ಪಂಪ್‌ಸೆಟ್ ಮೋಟಾರನ್ನು ಮೇಲೆತ್ತಿ, ಬಿಚ್ಚಿ, ತೊಳೆದು, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್‌ನ ಶಾಖದಲ್ಲಿ ಒಣಗಿಸಿ, ಮತ್ತೆ ಅದರಿಂದ ನೀರೆತ್ತಿಸಿದ ಮಹಾನುಭಾವ ನಾನು. ಹಾರನಹಳ್ಳಿ ಸುತ್ತಮುತ್ತ ಈ ಸಾಧನೆಯನ್ನು ನನ್ನ ಬಾಯಿಂದಲೇ ಕೇಳದವರು ಯಾರೂ ಇಲ್ಲ. ಓದಿದ್ದು ಏಳನೇ ಕ್ಲಾಸು. ಆದರೆ ಸ್ಕ್ರೂ ಇರುವ ಯಾವ ವಸ್ತುವೂ ನನ್ನೆದುರು ತಲೆಯೆತ್ತಿ ನಿಲ್ಲಲಾರದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಅಂಥವನಿಗೆ ಕಂಪ್ಯೂಟರ್ ಯಾವ ಲೆಕ್ಕ!

ಕಂಪ್ಯೂಟರ್ ನನ್ನ ತಂಗಿ ಸವಿತಳದು. ಪಿರಿಯಾಪಟ್ಟಣದಲ್ಲಿ ಅವಳದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡುತ್ತಿದ್ದವಳಿಗೆ ಆ ವರ್ಷ ನಾಲ್ಕಾರು ಶಾಲೆಗಳ ಪ್ರಶ್ನೆಪತ್ರಿಕೆಯ ಕೆಲಸ ಸಿಕ್ಕಿತ್ತು. ಅಪ್ಪನಿಗೆ ಅಂಗಡಿಯೆಂದರೆ ಅಷ್ಟಕ್ಕಷ್ಟೆ. "ಇದೊಂದ ಸರಿಯಾಗಿ ಮುಗ್ಸು, ಅಂಗಡಿ ಇಟ್ಕೊ. ಇಲ್ಲಾಂದ್ರೆ ಬಾಗ್ಲಾಕ್ಬುಟ್ಟು ಭೇರ್ಯದ ಗಂಡ್ಗೆ ಹೂಂ ಅನ್ನು" ಎಂದು ತೀರ್ಪು ಕೊಟ್ಟಿದ್ದ. ಅವಳು ರಾತ್ರಿ ಹಗಲೆನ್ನದೆ ಟೈಪ್ ಮಾಡಿ ಮುಗಿಸಿದಳು. ಪ್ರಿಂಟ್ ತೆಗೆಯುವುದೊಂದೇ ಬಾಕಿ. ಆಗ ಕರೆಂಟು ಒಮ್ಮೆ ಎಗರಿತು. ಕಂಪ್ಯೂಟರ್ ಸತ್ತಿತು!

ಅವಳು ಹೆದರಲಿಲ್ಲ. ಸೆಕೆಂಡ್ ಹ್ಯಾಂಡ್ ಮೆಷಿನ್ ಒಂದನ್ನು ಅಂಗಡಿಗೆ ತಂದಿಟ್ಟಳು. ಸತ್ತಿದ್ದನ್ನು ಮನೆಯ ಜಗಲಿಗೆ ತಂದಳು. ಪ್ರಶ್ನೆಪತ್ರಿಕೆಗಳೆಲ್ಲ ಹಾರ್ಡ್ ಡಿಸ್ಕ್ ಎಂಬ ಭಾಗದಲ್ಲಿ ಕ್ಷೇಮವಾಗಿವೆ, ಇದರಿಂದ ಬಿಚ್ಚಿ ಅದಕ್ಕೆ ಕೂರಿಸಿದರೆ ಆಯಿತು ಎಂದಳು.

"ನಾನೇ ಬಿಚ್ಕತೀನಿ ಕಣಣ್ಣ. ಕೋರ್ಸಲ್ಲಿ ಹೇಳ್ಕೊಟ್ಟವ್ರೆ."

"ಸುಮ್ಕಿರಮ್ಮಿ! ಮನೇಲಿ ಗಂಡ್ಸು ಅನ್ನೋನು ಇರೋವಾಗ ನೀನ್ಯಾಕೆ ಸ್ಕ್ರೂಡ್ರೈವರ್ ಹಿಡ್ದೀಯೆ? ನೀನು ಬಸ್ಸಿಗೋಗು. ನಾನು ಬಿಚ್ಚಿ ತಂದು ಕೂರುಸ್ಕೊಡ್ತೀನಿ."

"ಗಂಡುಸ್ರನ್ನೆಲ್ಲ ಸ್ಕ್ರೂಡ್ರೈವರ್ ಕೈಲಿ ಕೊಟ್ಟೇ ಹುಟ್ಟುಸ್ತಾರಾ?" ಎಂದು ನನ್ನ ಹೆಂಡತಿ ಜಯಮ್ಮ ಒಲೆ ಮುಂದಿನಿಂದಲೇ ಕೇಳಿದಳು. ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಡಿಸ್ಕು ಬಿಚ್ಚಿದ್ದು ಸಲೀಸಾಗಿಯೇ ಆಯಿತು. ಅದೇ ಅನಾಹುತಕ್ಕೆ ಮೂಲ. ಲಾಡಿಯಂಥ ಅಗಲವಾದ ಪಟ್ಟಿಯೊಂದು ಎಳೆದ ರಭಸಕ್ಕೆ ಹರಿದು ಬಂತು. ಅಗತ್ಯವಿಲ್ಲದ ಭಾಗವೆಂದು ಸ್ಥಳದಲ್ಲೇ ತೀರ್ಮಾನಿಸಿದೆ. ಕೈಗೆ ಬಂದದ್ದು ಅಂಗೈಯಗಲದ ಒಂದು ಕಬ್ಬಿಣದ ಪೆಟ್ಟಿಗೆ. ಇಷ್ಟಕ್ಕೆ ಮೈಸೂರಿನಿಂದ ಮೆಕ್ಯಾನಿಕ್ ಬೇಕೇ ಎಂದು ನಕ್ಕೆ.

"ಹೋಗೋರು ಡೈರಿಗೆ ಹಾಲೂ ಹಾಕ್ಬುಟ್ಟು ಹೋಗಿ" ಎಂದಳು ಜಯಮ್ಮ.

ಒಂದೇ ಚೀಲದಲ್ಲಿ ಹಾಲಿನ ಕ್ಯಾನು, ಅದರ ಪಕ್ಕದಲ್ಲಿ ಡಿಸ್ಕು. ಮೊಪೆಡ್‌ಗೆ ನೇತುಹಾಕಿ ಹೊರಟೆ. ಊರ ಮುಂದಿನ ಗುಂಡಿಗೆ ಮೊಪೆಡ್ ಇಳಿಯಿತು, ಕ್ಯಾನಿನ ಮುಚ್ಚಳ ಹಾರಿತು. ತಂಗಿಯ ಪ್ರಶ್ನೆಪತ್ರಿಕೆಗಳಿಗೆಲ್ಲ ಕ್ಷೀರಾಭಿಷೇಕ!

ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಯೋಚಿಸಿದೆ. ಹಾಲು ಹಾಗೇ ಬಿಟ್ಟರೆ ಹುಳಿಯಾಗಿ ನಾರುತ್ತದೆ, ಗಿರಾಕಿಗಳ ಮುಂದೆ ತಂಗಿಗೆ ಅವಮಾನ. ಹಿಂದಕ್ಕೆ ಬಂದು ಕೊಳವೆಬಾವಿಯ ನೀರು ಬಿಟ್ಟು ಡಿಸ್ಕನ್ನು ಚೆನ್ನಾಗಿ ತೊಳೆದೆ. ಸೋಪಿನ ಪುಡಿ ಹಾಕಲಿಲ್ಲ. ಅಷ್ಟು ವಿವೇಕ ನನಗಿತ್ತು!

ಇನ್ನು ಒಣಗಿಸುವುದು. ಅದರಲ್ಲಂತೂ ನಾನು ಪಳಗಿದವನು. ಹಿಂದಿನ ದಿನವಷ್ಟೇ ಬ್ಯಾರನ್‌ಗೆ ಹಸಿಸೊಪ್ಪು ಏರಿಸಿದ್ದೆವು. ಇನ್ನೂ ಸಣ್ಣ ಉರಿ, ಸೊಪ್ಪು ಹಳದಿಗೆ ತಿರುಗುವ ಹೊತ್ತು. ಬಾಗಿಲು ಒಂದಿಷ್ಟೇ ತೆಗೆದು, ಡಿಸ್ಕಿಗೆ ದಾರ ಕಟ್ಟಿ, ಸೊಪ್ಪು ಪೋಣಿಸಿದ ಕಡ್ಡಿಗೆ ನೇತುಹಾಕಿದೆ. ಸ್ವಲ್ಪ ಹೊತ್ತು ಸಾಕು ಅಂದುಕೊಂಡು ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಮಲಗಿದೆ.

ಎದ್ದು ನೋಡಿದರೆ ಹೊಗೆಕೊಳವೆಯಿಂದ ಭರ್ತಿ ಹೊಗೆ! ಸೊಪ್ಪು ಹದಕ್ಕೆ ಬಂತೆಂದು ಅಪ್ಪ ಸೌದೆ ತುರುಕಿ ಉರಿ ಏರಿಸಿಬಿಟ್ಟಿದ್ದ. ನಾನು ಓಡಿ ಹೋಗಿ ಬಾಗಿಲಿಗೆ ಕೈಯಿಟ್ಟೆ.

"ಲೇ, ಲೇ! ಈಗ ಬಾಗ್ಲು ತಗುದ್ರೆ ಸೊಪ್ಪೆಲ್ಲ ಕೆಟ್ಟೋಯ್ತದೆ ಕಣ್ಲಾ! ಒಳಗೇನು ನಿಮ್ಮಜ್ಜ ಗಂಟು ಮಡಗವ್ನಾ?"

"ಇಲ್ಲ ಕಣಪ್ಪ. ಸುಮ್ನೆ."

ಸುಮ್ನೆ! ಉರಿ ಏರಿದ ಮೇಲೆ ಬ್ಯಾರನ್ ಬಾಗಿಲು ತೆಗೆಯಬಾರದು ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ನಿಜ ಹೇಳಿದ್ದರೆ ಅಪ್ಪ ಬೈದುಕೊಂಡಾದರೂ ಬಾಗಿಲು ತೆಗೆಯುತ್ತಿದ್ದನೇನೋ. ನಾನು ಹೇಳಲಿಲ್ಲ. ನಾನು ಬೈಸಿಕೊಳ್ಳುವುದಕ್ಕಿಂತ ತಂಗಿಯ ಬದುಕು ಬೇಯುವುದೇ ಆ ಗಳಿಗೆಯಲ್ಲಿ ನನಗೆ ಸುಲಭವಾಗಿ ಕಂಡಿತು. ಪಂಪ್‌ಸೆಟ್ ಕಥೆ ಹೇಳುವಾಗ ಈ ವಿಷಯವನ್ನು ನಾನು ಯಾರಿಗೂ ಹೇಳಿದವನಲ್ಲ.

ದಾರಿ ಕಾದೂ ಕಾದೂ ಸಾಕಾಗಿ ಸವಿತ ಸಂಜೆ ಬಸ್ಸಿಗೆ ಮನೆಗೆ ಬಂದಳು.

"ಎಲ್ಲಣ್ಣ ಡಿಸ್ಕು?"

"ಅದೆ ಕಣಮ್ಮಿ. ಭದ್ರವಾಗದೆ."

"ಅದೇ, ಎಲ್ಲಿ?"

"ಬೆಚ್ಚಗದೆ."

ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣು ನನ್ನ ಮಾತು ಕೇಳದೆ ಬ್ಯಾರನ್ ಕಡೆ ಹೊರಳಿತು. ಟಾರ್ಚ್ ಹಿಡಿದು ಹೋಗಿ, ಸೊಪ್ಪು ನೋಡಲೆಂದು ಬಿಟ್ಟಿರುವ ಗಾಜಿನ ಕಿಂಡಿಯಲ್ಲಿ ಬಗ್ಗಿದಳು. ಚಿನ್ನದ ಬಣ್ಣದ ಎಲೆಗಳ ನಡುವೆ, ಪಡವಲಕಾಯಿಗೆ ಕಟ್ಟಿದ ಕಲ್ಲಿನ ಹಾಗೆ, ಅದು ತೂಗಾಡುತ್ತಿತ್ತು.

ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಲಿಲ್ಲ. ಅಪ್ಪನ ಕಡೆ ತಿರುಗಿ, "ಅಪ್ಪ, ಸೊಪ್ಪಿನ ಹರಾಜಲ್ಲಿ ಇದ್ನ ಯಾವ ಗ್ರೇಡ್ಗೆ ಆಕ್ತಾರೆ?" ಎಂದು ಕೇಳಿದಳು.

ಅಪ್ಪನೂ ಬಗ್ಗಿ ನೋಡಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಭೇರ್ಯದೋರ್ಗೆ ಹೇಳ್ಕಳುಸ್ಲಾ ಮಗ?" ಎಂದು ಅವಳನ್ನೇ ಮೆತ್ತಗೆ ಕೇಳಿದ.

"ಪೇಪರ್ ಕೊಡೋ ದಿನ ಇನ್ನೂ ಬಂದಿಲ್ಲ ಕಣಪ್ಪ. ಆಮೇಲೆ ಕಳ್ಸು."

ಸೊಪ್ಪು ಆ ಸಲ ಬಹಳ ಚೆನ್ನಾಗಿ ಬೆಂದಿತ್ತು. ಡಿಸ್ಕೂ ಅಷ್ಟೆ. ಅದರ ಪ್ಲಾಸ್ಟಿಕ್ ತುದಿ ಹಪ್ಪಳದ ಹಾಗೆ ಮುರುಟಿತ್ತು. ಮೈಸೂರಿನ ಮೆಕ್ಯಾನಿಕ್ ಅದನ್ನು ಮೂಗಿನ ಹತ್ತಿರ ಹಿಡಿದು ಸೀನಿ, ಹಾಗೇ ನನ್ನ ಕೈಗೆ ವಾಪಸ್ ಇಟ್ಟ.

ಮೇಷ್ಟರುಗಳು ಕೈಯಲ್ಲಿ ಬರೆದುಕೊಟ್ಟ ಹಾಳೆಗಳನ್ನು ಸವಿತ ಎತ್ತಿಟ್ಟಿದ್ದಳು. ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಬೇಕು. ನನಗೆ ಶಿಕ್ಷೆ, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುವುದು. ಏಳನೇ ಕ್ಲಾಸಿಗೆ ತಪ್ಪಿಸಿಕೊಂಡು ಬಂದಿದ್ದ ನನ್ನನ್ನು ಎಂಟು, ಒಂಬತ್ತು, ಹತ್ತರ ಪರೀಕ್ಷೆಗಳು ಒಟ್ಟಿಗೆ ಹಿಡಿದುಕೊಂಡವು! ಬೀಜಗಣಿತ ಓದುವಾಗ ನಾಲಿಗೆ ಗಂಟುಬಿತ್ತು. ವಿಜ್ಞಾನದ ಹಾಳೆ ಬಂತು.

"ವಸ್ತುಗಳ ಮೇಲೆ ಶಾಖದ ಪರಿಣಾಮವನ್ನು ತಕ್ಕ ಉದಾಹರಣೆಯೊಂದಿಗೆ ವಿವರಿಸಿ" ಎಂದು ಓದಿದೆ.

ಸವಿತ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಎಷ್ಟು ಮಾರ್ಕ್ಸಿಗಣ್ಣ?"

"ಐದು."

"ನಿಂಗೆ ಪೂರ್ತಿ ಐದೂ ಕೊಡ್ಬೋದು" ಎಂದಳು. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ನನಗೆ ಅಳು ಬಂತು. ಶೀತ ಎಂದು ಹೇಳಿ ಮೂಗು ಒರೆಸಿಕೊಂಡೆ.

ಪ್ರಶ್ನೆಪತ್ರಿಕೆಗಳು ಹೇಳಿದ ದಿನಕ್ಕೇ ಶಾಲೆ ಸೇರಿದವು. ಅಪ್ಪ ಭೇರ್ಯದ ಸುದ್ದಿ ಮತ್ತೆ ಎತ್ತಲಿಲ್ಲ. "ಅಂಗಡಿ ನಡ್ಸವ್ವ. ಇವ್ನು ಒಳೀಕೆ ಬರ್ದಂಗೆ ನೋಡ್ಕೊ" ಎಂದಷ್ಟೇ ಅಂದ.

ಈಗಲೂ ಪಿರಿಯಾಪಟ್ಟಣಕ್ಕೆ ಹೋದಾಗ ತಂಗಿಯ ಅಂಗಡಿಗೆ ಹೋಗುತ್ತೇನೆ. ಕಂಪ್ಯೂಟರ್‌ಗೆ ದೂಳಾಗಬಾರದೆಂದು ಗಿರಾಕಿಗಳು ಚಪ್ಪಲಿ ಬಿಚ್ಚಿ ಒಳಗೆ ಹೋಗುತ್ತಾರೆ. ನನಗೆ ಬಿಚ್ಚುವ ತಾಪತ್ರಯವಿಲ್ಲ. ಬಾಗಿಲಾಚೆ ಸ್ಟೂಲ್ ಹಾಕಿದ್ದಾಳೆ. ಅಷ್ಟೊಂದು ಜನರ ಚಪ್ಪಲಿ ಕಾಯಲು ಮನೆಯ ಗಂಡಸು ಒಬ್ಬ ಬೇಕಲ್ಲ!