ಹಿಮಾಲಯದಲ್ಲಿ ಇಳಿದುಹೋದ ಅಳಿಯ

ತಲೆನೋವಿನ ಮಾತ್ರೆ ಕೊಡುವ ಕೋಣೆಯಲ್ಲಿ ಕೂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬೆರಳಿಗೆ ಬ್ಯಾಂಡೇಜು ಸುತ್ತಿಸಿಕೊಳ್ಳಲು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯ ಮೆಡಿಕಲ್ ರೂಮಿನಲ್ಲಿ ನಾನು ನರ್ಸಾಗಿದ್ದೆ. ಅಲ್ಲಿ ನನಗೆ ಹೆಸರೇ ಇರಲಿಲ್ಲ. ನನ್ನ ಅಪ್ಪನ ವಯಸ್ಸಿನವರಿಗೂ ನಾನು ಸಿಸ್ಟರ್, ಅವರ ಮಕ್ಕಳಿಗೂ ಸಿಸ್ಟರ್. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಆಗಷ್ಟೇ ಶುರುವಾಗಿತ್ತು. ಆ ವರ್ಷ ನಮ್ಮ ಫಿಟ್ಟರೊಬ್ಬ ಹಿಮಾಲಯ ಹತ್ತುತ್ತೇನೆಂದು ಹೊರಟ. ಅವನು ಹತ್ತಿದ್ದು ಒಂದೇ ಬೆಟ್ಟವಾದರೂ ಅದರ ಏದುಸಿರು ಇಡೀ ಕಾರ್ಖಾನೆಗೆ ಹತ್ತಿತು.

ನಿಂತುಹೋದ ವಾಚು

ನಮ್ಮಲ್ಲಿ ಬೆಟ್ಟ ಹತ್ತುವವರದ್ದೇ ಒಂದು ಗುಂಪಿತ್ತು. ವಾರವೆಲ್ಲ ಕಬ್ಬಿಣ ಉಜ್ಜಿ, ಭಾನುವಾರ ರಾಮನಗರದ ಬಂಡೆಗಳಿಗೆ ಹಗ್ಗ ಕಟ್ಟಿ ನೇತಾಡುತ್ತಿದ್ದರು. ಅವರಲ್ಲಿ ಗಟ್ಟಿಗ ಅಂದರೆ ಈ ಫಿಟ್ಟರ್. ತೋಳು ಒನಕೆ, ಮಾತು ಕಡಿಮೆ. ಹಿಮಾಲಯಕ್ಕೆ ಹೋಗುವ ತಂಡಕ್ಕೆ ಆಯ್ಕೆಯಾದಾಗಲೇ ಅವನಿಗೆ ಮಾಕಳಿಯ ಗೌಡರೊಬ್ಬರ ಮಗಳೊಂದಿಗೆ ಮದುವೆ ಮಾತೂ ಮುಗಿದಿತ್ತು. ಹುಡುಗಿಗೆ ಅವನು ಇಷ್ಟ, ಅವನಿಗೆ ಹುಡುಗಿ ಇಷ್ಟ. ಗೌಡರಿಗೆ ಅವನ ತೋಳು ಇಷ್ಟ. "ಓಗ್ಬುಟ್ಟು ಬಾ. ಆದ್ರೆ ಈಗ ಎಂಗಿದ್ದೀಯೋ ಅಂಗೇ ಬರ್ಬೇಕು" ಎಂದು ಹೇಳಿ ಕಳಿಸಿದ್ದರಂತೆ.

ಹೊರಡುವ ಮುಂಚೆ ಹೃದಯದ ಪರೀಕ್ಷೆ ಆಗಬೇಕಿತ್ತು. ಫಿಟ್ಟರನ್ನು ಕೂರಿಸಿ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದೆ. ಒಂದು ಬಡಿತ ಬಂತು. ಇನ್ನೊಂದಕ್ಕೆ ಕಾದೆ. ಅದು ನಿಧಾನವಾಗಿ, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಬಂದಹಾಗೆ ಬಂತು. ನನ್ನ ವಾಚು ಕೆಟ್ಟಿದೆ ಅಂದುಕೊಂಡು ಅಲ್ಲಾಡಿಸಿದೆ, ಕಿವಿಗಿಟ್ಟುಕೊಂಡೆ, ಕೀಲಿ ಕೊಟ್ಟೆ. ಕೊನೆಗೆ ಡಾಕ್ಟರ ವಾಚು ಇಸಿದುಕೊಂಡು ಮತ್ತೆ ಎಣಿಸಿದೆ. ಅದೂ ಕೆಟ್ಟಿತ್ತು.

ಫಿಟ್ಟರನ ಮುಖ ಬಿಳಿಚಿಕೊಂಡಿತು. "ಸಿಸ್ಟರ್, ಏನಾದ್ರೂ ತೊಂದ್ರೆನಾ? ಮದುವೆ ಇದೆ."

ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿದರು. ಸ್ಟೂಲೊಂದನ್ನು ಎಳೆದು ಹತ್ತಿ ಇಳಿಯುವಂತೆ ಹೇಳಿ ಮತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ವಾಚು ಸರಿಯಾಗೇ ಇದೆ ಕಣಮ್ಮ. ಬೆಟ್ಟ ಹತ್ತಿ ಹತ್ತಿ ಇವನ ಹೃದಯ ಪರ್ಮನೆಂಟ್ ಆಗಿಬಿಟ್ಟಿದೆ. ಎಷ್ಟು ಬೇಕೋ ಅಷ್ಟೇ ಕೆಲಸ ಮಾಡುತ್ತೆ" ಅಂದರು.

ಫಿಟ್ಟರ್ ನಿಟ್ಟುಸಿರು ಬಿಟ್ಟ. ಡಾಕ್ಟರು ಅವನ ಬೆನ್ನು ತಟ್ಟಿ ಸೇರಿಸಿದರು: "ಹಿಮಾಲಯದಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಗಾಳಿ ತೆಳು. ಸುಮ್ಮನೆ ಮಲಗಿದ್ರೂ ಓವರ್‌ಟೈಮ್."

ಛಾವಣಿಯ ಎತ್ತರ

ತಂಡವನ್ನು ಬೀಳ್ಕೊಡುವ ದಿನ ಡಾಕ್ಟರು ಕ್ಯಾಂಟೀನಿನಲ್ಲಿ ಒಂದು ಭಾಷಣ ಮಾಡಿದರು. ಎತ್ತರಕ್ಕೆ ಹೋದಂತೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಕೈಕಾಲು ಸೋಲುತ್ತವೆ, ಹಸಿವು ಸಾಯುತ್ತದೆ, ಕೊನೆಗೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ದಿನ ದೂಡುತ್ತದೆ ಎಂದೆಲ್ಲ ಚೆನ್ನಾಗಿ ವಿವರಿಸಿದರು. ನಮ್ಮವರು ಅಷ್ಟು ಗಮನವಿಟ್ಟು ಯಾವ ಭಾಷಣವನ್ನೂ ಕೇಳಿದ್ದು ನಾನು ಕಂಡಿರಲಿಲ್ಲ. ಯಾಕೆಂದು ಮರುದಿನ ತಿಳಿಯಿತು.

ಕ್ರೇನ್ ಆಪರೇಟರ್ ಮೆಡಿಕಲ್ ರೂಮಿಗೆ ಬಂದ. ಅವನ ಕೆಲಸ ಶೆಡ್ಡಿನ ಛಾವಣಿಯ ಕೆಳಗೆ ಓಡಾಡುವ ಕ್ರೇನಿನ ಗೂಡಿನಲ್ಲಿ. ಜೊತೆಗೆ ಯೂನಿಯನ್ ಲೀಡರು.

"ಸಾರ್, ನಾನೂ ಎತ್ತರದಲ್ಲಿ ಇರೋನು. ಎದೆ ಡವಡವ ಅನ್ನುತ್ತೆ, ಕಾಲು ಸೋಲುತ್ತೆ. ವಾರಕ್ಕೆ ಅರ್ಧ ದಿನ ರಜೆ ಬೇಕು" ಅಂದ.

"ಅದು ಎತ್ತರ ಅಲ್ಲ ಕಣಯ್ಯ, ಛಾವಣಿ. ಅಲ್ಲಿ ಗಾಳಿಗೇನು ಕಮ್ಮಿ?" ಅಂದರು ಡಾಕ್ಟರು.

ಲೀಡರು ಗಂಟಲು ಸರಿಮಾಡಿಕೊಂಡ. "ನೀವು ಹತ್ತಿ ನೋಡಿದ್ದೀರಾ ಸಾರ್?"

ಡಾಕ್ಟರಿಗೆ ಪೌರುಷ ಬಂತು. ಕೊಳವೆ ಕೊರಳಿಗೆ ಹಾಕಿಕೊಂಡು ಕಬ್ಬಿಣದ ಏಣಿ ಹತ್ತಿಯೇಬಿಟ್ಟರು. ಗೂಡು ಸೇರಿದ ಮೇಲೆ ಒಂದೇ ಒಂದು ಸಲ ಕೆಳಗೆ ನೋಡಿದರು. ಅಷ್ಟೇ, ಕಂಬಿಯನ್ನು ತಬ್ಬಿಕೊಂಡು ಕೂತವರು ಏಳಲಿಲ್ಲ. ಊಟದ ಸೈರನ್ ಕೂಗಿತು. ಎಲ್ಲರೂ ಕೆಳಗೆ ಡಬ್ಬಿ ಬಿಚ್ಚಿಕೊಂಡು ತಲೆ ಮೇಲೆತ್ತಿ ನೋಡುತ್ತಾ ಉಂಡರು. ಹಿಂದೆಯೇ ಹತ್ತಿದ್ದ ಆಪರೇಟರ್ ಒಳ್ಳೆಯ ಮನುಷ್ಯ, ತನ್ನ ಫ್ಲಾಸ್ಕಿನ ಚಹಾ ಕುಡಿಸಿ, ನಾನು ಮಾಡುವಂತೆಯೇ ಡಾಕ್ಟರ ಮಣಿಕಟ್ಟು ಹಿಡಿದು, ಮೇಲಿನಿಂದ ಕೂಗಿ ಹೇಳಿದ. "ಸಿಸ್ಟರ್, ಸಾಹೇಬ್ರಿಗೆ ಸಿಕ್ಕಾಪಟ್ಟೆ ಹೊಡ್ಕೊಳ್ತಾ ಇದೆ. ನನಗಿಂತ ಜಾಸ್ತಿ."

ಸೊಂಟಕ್ಕೆ ಹಗ್ಗ ಕಟ್ಟಿ ಒಂದೊಂದೇ ಮೆಟ್ಟಿಲು ಇಳಿಸಿದರು. ಇಳಿದ ಡಾಕ್ಟರು ಯಾರ ಮುಖವನ್ನೂ ನೋಡದೆ ಅರ್ಧ ದಿನ ರಜೆ ಬರೆದು ಮನೆಗೆ ಹೋದರು. ಬರೆದದ್ದು ತಮಗೇ. ಆಪರೇಟರ್ ಮುಖ ಸಣ್ಣದು ಮಾಡಿಕೊಂಡಾಗ ಲೀಡರು ಸಮಾಧಾನ ಹೇಳಿದ: "ಅರ್ಧ ಗೆದ್ದಿದ್ದೀವಿ ಗುರು. ರಜೆ ಅಂತೂ ಮಂಜೂರಾಯ್ತು. ಯಾರಿಗೆ ಅನ್ನೋದು ಮುಂದಿನ ಮಾತುಕತೆ."

ಬೇಯದ ಅನ್ನ

ಮಳೆ ಶುರುವಾಗುವ ಹೊತ್ತಿಗೆ ತಂಡ ವಾಪಸು ಬಂತು. ಒಂದು ಬೆಳಿಗ್ಗೆ ಮೆಡಿಕಲ್ ರೂಮಿನ ಬಾಗಿಲಲ್ಲಿ ಯಾರೋ ನಿಂತಿದ್ದರು. "ಯಾರು ಬೇಕಾಗಿತ್ತು?" ಅಂದೆ. "ನಾನೇ ಸಿಸ್ಟರ್" ಅಂದಾಗಲೇ ಗೊತ್ತಾದದ್ದು ನಮ್ಮ ಫಿಟ್ಟರ್ ಎಂದು. ಮುಖ ಕಪ್ಪಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಹಿಮದ ಬೆಳಕಿಗೆಂದು ಕಪ್ಪು ಕನ್ನಡಕ ಹಾಕಿದ್ದ ಜಾಗ ಮಾತ್ರ ಬೆಳ್ಳಗೆ. ಒನಕೆಯಂಥ ತೋಳು ಲಟ್ಟಣಿಗೆಯಾಗಿತ್ತು.

ಕೂರಿಸಿ ಕೇಳಿದೆ. ಅವನು ಎಂದಿನಂತೆ ನಿಧಾನವಾಗಿ ಹೇಳಿದ. "ಡೇರೆಯಲ್ಲಿ ಮಲಗಿದ್ರೂ, ಫ್ಯಾಕ್ಟರಿ ಬಸ್ಸಿನ ಹಿಂದೆ ಓಡಿ ಬಂದೋರ ಥರ ಎದೆ ಹೊಡ್ಕೊಳ್ಳೋದು. ಒಂದು ಬೂಟಿನ ದಾರ ಕಟ್ಟಿ ಕೂತು ಸುಧಾರಿಸ್ಕೋಬೇಕು, ಆಮೇಲೆ ಇನ್ನೊಂದು ಬೂಟು. ಊಟ ಸೇರ್ತಾನೇ ಇರಲಿಲ್ಲ. ಎಷ್ಟು ಹೊತ್ತು ಕುದಿಸಿದ್ರೂ ಅನ್ನ ಬೇಯೋದೇ ಇಲ್ಲ ಅಲ್ಲಿ."

"ತುದಿ ಮುಟ್ಟಿದೆಯಾ?"

"ಇಲ್ಲ ಸಿಸ್ಟರ್. ಕಾಣ್ತಾ ಇತ್ತು, ಇಲ್ಲಿಂದ ನಮ್ಮ ಗೇಟಿನಷ್ಟು ದೂರ. ಜೊತೆಯವನಿಗೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡು ಉಸಿರು ಗೊರಗೊರ ಅಂತು. ಅಂಥವರನ್ನ ತಕ್ಷಣ ಇಳಿಸಬೇಕು. ನಾನೇ ಇಳಿಸ್ಕೊಂಡು ಬಂದೆ. ಹುಷಾರಾಗಿದ್ದಾನೆ ಈಗ."

ಡಾಕ್ಟರು ನೋಡಿ, ಹೃದಯ ಮತ್ತೆ ಪರ್ಮನೆಂಟ್ ಆಗಿದೆ, ಎತ್ತರದಲ್ಲಿದ್ದು ಬಂದದ್ದಕ್ಕೆ ರಕ್ತವೂ ಗಟ್ಟಿಯಾಗಿದೆ, ಕರಗಿದ ಮಾಂಸಖಂಡ ಮಾತ್ರ ಕೆಲವು ತಿಂಗಳು ಮುದ್ದೆ ತಿಂದ ಮೇಲೆ ಬರುತ್ತದೆ ಎಂದರು.

ಚಹಾ ತಂದಿದ್ದ ಕ್ಯಾಂಟೀನಿನ ಅಡುಗೆಯವನು ಇಷ್ಟನ್ನೂ ಕೇಳಿಸಿಕೊಂಡು ನಿಂತಿದ್ದ. ಅವನ ತಲೆಯಲ್ಲಿ ಉಳಿದದ್ದು ಒಂದೇ ಮಾತು. "ಎತ್ತರದಲ್ಲಿ ಅನ್ನ ಬೇಯಲ್ಲ ಅಂದ್ರಾ? ಬೆಂಗಳೂರೂ ಎತ್ತರದಲ್ಲೇ ಇದೆ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು. ಇಷ್ಟು ವರ್ಷ ಸುಮ್ಮನೆ ಬೈಸ್ಕೊಂಡೆನಲ್ಲ ಸಿಸ್ಟರ್."

ಅಂದಿನಿಂದ ಅನ್ನ ಗಟ್ಟಿಯಾಗಿದೆ ಎಂದು ಯಾರು ತಟ್ಟೆ ತಳ್ಳಿದರೂ ಅವನ ಉತ್ತರ ಒಂದೇ. "ಮಂಗಳೂರಿಗೆ ಟ್ರಾನ್ಸ್‌ಫರ್ ಕೇಳಿ ಸಾರ್."

ರಾಗಿ ಮೂಟೆ

ಹಿರಿಯರನ್ನು ಕಂಡು ಬರೋಣವೆಂದು ಫಿಟ್ಟರ್ ಮಾಕಳಿಗೆ ಹೋದ. ಗೌಡರು ಕಾಯಿಲೆಯೋ ಏನೋ ಎಂದು ಅವನನ್ನೇ ಬಾಯಿಬಿಟ್ಟು ಕೇಳುವವರಲ್ಲ. ಗಾಡಿಯಲ್ಲಿ ಬಂದ ರಾಗಿ ಮೂಟೆ ತೋರಿಸಿ, "ಅದೊಂದು ಒಳಕ್ಕೆ ಆಕ್ಬುಡಪ್ಪ" ಅಂದರಂತೆ. ಹಿಮಾಲಯಕ್ಕೆ ಹೋಗುವ ಮುಂಚೆ ಅಂಥದ್ದೊಂದನ್ನು ಅವನು ಮಾತಾಡುತ್ತಲೇ ಎತ್ತಿಟ್ಟಿದ್ದ. ಈ ಸಲ ಮೂಟೆ ಮಂಡಿಯವರೆಗೆ ಬಂತು. ಆಮೇಲೆ ಮೂಟೆ ಕೆಳಗೆ ಕೂತಿತು, ಅದರ ಮೇಲೆ ಇವನು ಕೂತ.

ಮರುದಿನ ಗೌಡರು ಬಿಳಿ ಪಂಚೆ ಉಟ್ಟು ಮೆಡಿಕಲ್ ರೂಮಿಗೇ ಬಂದರು. "ಎದೆ ಕಾಯ್ಲೆ ಏನಾರ ಇದ್ರೆ ಯೋಳ್ಬುಡಿ ಡಾಕ್ಟ್ರೆ. ನಂಗಿರೋದು ಒಬ್ಳೇ ಮಗ್ಳು."

"ಕಾಯಿಲೆ ಅಲ್ಲ ಗೌಡ್ರೆ. ಅಷ್ಟು ಎತ್ತರದಲ್ಲಿ ಮೈ ತನ್ನ ಮಾಂಸಾನೇ ತಿಂದ್ಕೊಳ್ಳುತ್ತೆ."

"ಮೈ ಮೈನೇ ತಿಂತದಾ? ಉಣ್ಣಾಕೆ ಇಲ್ದೋರ ಮನೇಲೂ ಅಂಗಾಗಲ್ಲ."

"ರಕ್ತ ಎಷ್ಟು ಗಟ್ಟಿಯಾಗಿದೆ ಗೊತ್ತಾ?"

"ರಕ್ತ ಗಟ್ಟಿ ಇದ್ರೆ ಮೂಟೆ ಯಾಕೆ ಏಳ್ಲಿಲ್ಲ?"

"ರಕ್ತ ಗಾಳಿ ಹೊರುತ್ತೆ ಗೌಡ್ರೆ, ರಾಗಿ ಹೊರಲ್ಲ."

ಗೌಡರಿಗೆ ಒಪ್ಪಿಗೆಯಾಗಲಿಲ್ಲ. ನನ್ನ ಕಡೆ ತಿರುಗಿದರು. "ತುದೀನಾರ ಮುಟ್ದ್ನಾ ಸಿಸ್ಟ್ರೆ?" ಇಲ್ಲ ಎಂದು, ಯಾಕೆ ಇಳಿದನೆಂದೂ ಹೇಳಿದೆ. "ಮೈನೂ ಕಳ್ಕಂಡ, ತುದೀನೂ ಬುಟ್ಟ" ಎಂದು ತಲೆಯಾಡಿಸಿದರು.

ಆಮೇಲೆ ತಮ್ಮ ತೀರ್ಪು ಹೇಳಿದರು. "ನಮ್ಮ ಕಡೆ ಒಂದು ಪದ್ಧತಿ ಐತೆ. ಲಗ್ನ ಕಟ್ಸೋಕೆ ಮುಂಚೆ ಅಳಿಯ ಆಗೋನು ಶಿವಗಂಗೆ ಅತ್ತಿ ಮ್ಯಾಲಿನ ಬಸವಣ್ಣನ್ನ ಒಂದು ಸುತ್ತು ಬರ್ಬೇಕು. ನಾನೂ ಬಂದಿವ್ನಿ. ಓಡ್ಕಂಡೇ ಅತ್ತಿದ್ದೆ. ಇವ್ನೂ ಬರ್ಲಿ. ಬಂದ್ರೆ ಮದ್ವೆ, ಇಲ್ದಿದ್ರೆ ಬ್ಯಾರೆ ಕಡೆ ನೋಡ್ತೀನಿ. ನೀವೂ ಬರ್ರಿ ಡಾಕ್ಟ್ರೆ, ಕಣ್ಣಾರೆ ಕಾಣಿ."

ಬೆಟ್ಟ ಎಂದದ್ದೇ ಡಾಕ್ಟರ ಕೈ ತಾನಾಗಿ ಮೇಜಿನ ಅಂಚನ್ನು ಹಿಡಿದುಕೊಂಡಿತು. "ಸಿಸ್ಟರ್ ಬರ್ತಾರೆ" ಅಂದರು.

ಬಸವಣ್ಣನ ಸುತ್ತು

ಭಾನುವಾರ ಹೊರಟೆವು. ಗೌಡರು, ಅವರ ಹೆಂಡತಿ, ಮಗಳು, ಫಿಟ್ಟರ್, ನಾನು. ಗೌಡರು ಟವಲು ಹೆಗಲಿಗೆ ಹಾಕಿಕೊಂಡು, ಯಾರೋ ತಮ್ಮ ಹೊಲಕ್ಕೆ ದನ ಬಿಟ್ಟಿದ್ದಾರೆ ಎಂಬಂತೆ ಮುಂದೆ ಮುಂದೆ ನುಗ್ಗಿದರು. ಫಿಟ್ಟರ್ ಒಂದು ಹೆಜ್ಜೆಗೆ ಒಂದು ಉಸಿರಿನಂತೆ, ಅವಸರವೇ ಇಲ್ಲದೆ ಬರುತ್ತಿದ್ದ. ಗೌಡತಿ ಇಬ್ಬರನ್ನೂ ನೋಡುತ್ತಾ, ಬುತ್ತಿಗಂಟು ಹಿಡಿದು ಮಾತಿಲ್ಲದೆ ಹತ್ತುತ್ತಿದ್ದರು.

ಹುಡುಗಿ ನನ್ನ ಸೆರಗು ಎಳೆದಳು. "ಸಿಸ್ಟರ್, ಇವ್ರು ಹತ್ತಿಬಿಡ್ತಾರಾ?" ಅವಳ ಕಣ್ಣಲ್ಲಿ ನೀರಿತ್ತು.

"ಅವನು ಹತ್ತುತ್ತಾನೆ. ನಿಮ್ಮಪ್ಪನ ವಿಷಯ ಹೇಳಲಾರೆ" ಅಂದೆ.

ದಾರಿಯಲ್ಲಿ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯೊಳಗಿನ ಸಣ್ಣ ಬಾಯಿಗೆ ಕೈಯಿಳಿಸಿದಾಗ ನೀರು ತಗುಲಿದರೆ ಪುಣ್ಯ. ಗೌಡರು ಕೈ ಇಳಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಎಂಥಾ ಭಕ್ತಿ ಅಂದುಕೊಂಡೆ. ಹತ್ತಿರ ಹೋದಾಗ ತಿಳಿಯಿತು, ಕೂತದ್ದು ನೀರಿಗಲ್ಲ, ಉಸಿರಿಗೆ.

ಅಲ್ಲಿಂದ ಮೇಲೆ ಕಂಬಿ ಹಿಡಿದು ಹತ್ತುವ ಕಡಿದಾದ ಮೆಟ್ಟಿಲು. ತಾಯಿ ಮಗಳು ಮುಂದೆ ಹೋದರು, ಹಿಂದೆಯೇ ಫಿಟ್ಟರ್. ಗೌಡರು ಮಾತ್ರ ಒಂದು ಮೆಟ್ಟಿಲಲ್ಲಿ ಕೂತವರು ಕೂತೇ ಬಿಟ್ಟರು. ಮುಖ ಬೂದಿ, ಹಣೆಯಲ್ಲಿ ತಣ್ಣನೆ ಬೆವರು. ನಾಡಿ ಹಿಡಿದೆ. ನಾಳೆ ಕೆಲಸ ಹೋಗುತ್ತದೆಂದು ಹೆದರಿದ ಟೆಂಪರರಿಯವನ ಹಾಗೆ ಓಡುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಫಿಟ್ಟರ್ ತಿರುಗಿ ನೋಡಿದ. ಬಸವಣ್ಣ ಅವನಿಗೆ ಕಾಣುತ್ತಿದ್ದ, ನಮ್ಮ ಗೇಟಿನಷ್ಟು ದೂರದಲ್ಲಿ. ಸರಸರನೆ ಇಳಿದು ಬಂದ.

"ನೀನು ಹೋಗಿ ಸುತ್ತು ಬಂದುಬಿಡೋ. ಇವರನ್ನ ನಾನು ನೋಡ್ಕೋತೀನಿ" ಅಂದೆ.

"ನೀವೊಬ್ಬರೇ ಇಳಿಸಕ್ಕಾಗಲ್ಲ ಸಿಸ್ಟರ್. ಹತ್ತೋದಕ್ಕಿಂತ ಇಳಿಯೋದೇ ಕಷ್ಟ."

"ಓಗಯ್ಯ, ಪದ್ಧತಿ" ಎಂದು ಗೌಡರೂ ಏದುಸಿರಿನಲ್ಲೇ ತಳ್ಳಿದರು. ಅವನು ಕೇಳಲಿಲ್ಲ. ಅವರ ಒಂದು ಕೈ ತನ್ನ ಹೆಗಲಿಗೆ, ಇನ್ನೊಂದು ಕಂಬಿಗೆ ಕೊಟ್ಟು, "ಒಂದು ಹೆಜ್ಜೆ ಇಡಿ. ಉಸಿರು ಪೂರ್ತಿ ಬಿಡಿ. ಈಗ ಇನ್ನೊಂದು" ಎನ್ನುತ್ತಾ ಮಗುವನ್ನು ನಡೆಸಿದಂತೆ ನಡೆಸಿದ. ಎತ್ತಿಕೊಳ್ಳುವ ಶಕ್ತಿ ಅವನ ತೋಳಲ್ಲಿ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಒಳಕಲ್ಲಿನ ನೆರಳಿಗೆ ತಂದು ಒರಗಿಸಿ ಗಾಳಿ ಬೀಸಿದ. ನಾನು ಮಜ್ಜಿಗೆ ಕುಡಿಸಿದೆ. ಬಣ್ಣ ಮರಳಿತು, ನಾಡಿ ಹಾದಿಗೆ ಬಂತು. ಎರಡನೆಯ ಸಲವೂ ತುದಿ ಬಿಟ್ಟು ಬಂದವನ ಮುಖ ನೋಡಲು ನನಗೆ ಸಂಕಟವಾಯಿತು.

ತಾಯಿ ಮಗಳು ಹಣೆಗೆ ಬಸವಣ್ಣನ ಕುಂಕುಮ ಇಟ್ಟುಕೊಂಡು ಇಳಿದು ಬಂದರು. ಹುಡುಗಿ ಫಿಟ್ಟರನ ಬರಿಯ ಹಣೆ ನೋಡಿದಳು, ಅಪ್ಪನನ್ನು ನೋಡಿದಳು, ಕೂತು ಅತ್ತಳು.

ಗೌಡರಿಗೂ ಇರಿಸುಮುರಿಸು. "ಉಡುಗ ಒಳ್ಳೇವ್ನೇ. ನನ್ನ ಜೀವ ಉಳ್ಸವ್ನೆ, ಇಲ್ಲ ಅನ್ನಾಕಿಲ್ಲ. ಆದ್ರೆ ಸುತ್ತು ಬರ್ಲಿಲ್ವಲ್ಲ. ಪದ್ಧತಿ ಅಂದ್ಮೇಲೆ ಪದ್ಧತಿ."

ಗೌಡತಿ ಬುತ್ತಿ ಬಿಚ್ಚಿ ಎಲ್ಲರಿಗೂ ಎಲೆಯ ಮೇಲೆ ಚಿತ್ರಾನ್ನ ಹಾಕುತ್ತಾ ನನಗೆ ಹೇಳಿದರು.

"ನೋಡಿ ಸಿಸ್ಟ್ರೆ, ನಮ್ಮ ಲಗ್ನಕ್ಕೆ ಮುಂಚೆ ಇವ್ರೂ ಬಂದಿದ್ರು. ಈಗ ಕೂತಿದ್ರಲ್ಲ, ಅದೇ ಮೆಟ್ಲು. ಅವತ್ತೂ ಅಲ್ಲೇ ಕೂತ್ಕಂಡ್ರು. ನಮ್ಮಪ್ಪ ಕೆಳಗೆ ಗುಡಿ ತಾವ ಕಾಯ್ತಿದ್ರು. ನಾನು ಓಗಿ ಎರಡು ಸುತ್ತು ಬಂದೆ, ನಂದೊಂದು, ಇವ್ರ್ದೊಂದು. ಇವ್ರ ಅಣೇಗೂ ಕುಂಕುಮ ಬಳ್ದು ಕರ್ಕಂಡೋಗಿ, ಇಬ್ರೂ ಬಂದ್ವಿ ಅಂದೆ. ಇವತ್ತು ನಾನು ಯೋಳ್ದೆ ಅಂತ, ಯಾಕೇಂತ ಕೇಳ್ದೆ, ನಮ್ಮುಡುಗೀನೂ ಎರಡು ಸುತ್ತು ಬಂದವ್ಳೆ. ಪದ್ಧತಿ ಎಲ್ಲೂ ತಪ್ಪಿಲ್ಲ."

ಹುಡುಗಿಯ ಅಳು ನಿಂತಿತು. ಫಿಟ್ಟರ್ ಎಲೆಯಿಂದ ತಲೆಯೆತ್ತಲಿಲ್ಲ. ಅವನ ಭುಜ ಮಾತ್ರ ಕುಲುಕುತ್ತಿತ್ತು. ಗೌಡತಿ ಕುಂಕುಮದ ಪೊಟ್ಟಣ ತೆಗೆದು ಗಂಡನ ಮುಂದಿಟ್ಟರು. "ಇಲ್ಲ, ಬಸವಣ್ಣನ್ನ ಕಣ್ಣಾರೆ ಕಂಡೋನೇ ಅಳಿಯ ಆಗ್ಬೇಕು ಅಂದ್ರೂ ಸೈ. ನಮ್ಮಪ್ಪನ ಅಳಿಯ ಮೊದ್ಲು ಓಗ್ಬುಟ್ಟು ಬರ್ಲಿ. ನಾವಿಲ್ಲೇ ಕಾಯ್ತೀವಿ."

ಗೌಡರು ಮೇಲಿನ ಮೆಟ್ಟಿಲುಗಳನ್ನು ಒಮ್ಮೆ ನೋಡಿದರು. ಹೆಂಡತಿಯನ್ನು ಒಮ್ಮೆ ನೋಡಿದರು. ಮಜ್ಜಿಗೆ ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಲಗ್ನಕ್ಕೆ ಯಾವ ತಿಂಗ್ಳು ಒಳ್ಳೇದಮ್ಮ ಸಿಸ್ಟ್ರೆ?"