ಮೊದಲು ನೀವು ಹೋಗಿ

ನನ್ನ ಸೋದರಮಾವನಷ್ಟು ಒಳ್ಳೆಯ ಮನುಷ್ಯ ತುಮಕೂರಿನಲ್ಲೇ ಇಲ್ಲ. ಹಾಗಾಗಿಯೇ ಅವರ ಜೊತೆ ಎಲ್ಲಿಗೂ ಹೋಗಬಾರದು!

ಅವರಿಗೆ ಈ ಗೀಳು ಅಂಟಿದ್ದು ಚರ್ಚಿನಲ್ಲಿ. ಯೇಸುಸ್ವಾಮಿಯೇ ಸೊಂಟಕ್ಕೆ ಟವೆಲು ಕಟ್ಟಿ ಶಿಷ್ಯರ ಕಾಲು ತೊಳೆದರು, ನಾವೂ ನಮ್ಮ ಹಕ್ಕು ಬಿಟ್ಟುಕೊಟ್ಟು ಸೇವಕರಾಗಬೇಕು ಎಂದು ಪಾಸ್ಟರು ಒಂದು ಭಾನುವಾರ ಪ್ರಸಂಗ ಮಾಡಿದರು. ನಾವೆಲ್ಲ ಆಮೆನ್ ಎಂದು, ಮನೆಗೆ ಹೋಗಿ ಬಿರಿಯಾನಿ ತಿಂದೆವು. ಮಾವ ಮಾತ್ರ ಅದನ್ನು ನಿಜವೆಂದು ನಂಬಿಬಿಟ್ಟರು!

ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರನ್ನು ನೋಡಿದ್ದೀರಿ. ನಿಲ್ಲುವ ಜಾಗವನ್ನೂ ಬಿಟ್ಟುಕೊಟ್ಟು ಇಳಿದುಬಿಡುವವರನ್ನು ಕಂಡಿದ್ದೀರಾ? ಅತ್ತೆಯ ಜೊತೆ ಗುಬ್ಬಿಯಿಂದ ಬರುವಾಗ ಮಾವ ಅದನ್ನೂ ಮಾಡಿದರು. "ಯಾರೋ ಉಸಿರು ಕಟ್ತದೆ ಅಂದ್ರು ಕಣೋ, ಪಾಪ" ಎಂದರು. ಅತ್ತೆ ಒಬ್ಬರೇ ಊರು ಸೇರಿ ಎರಡು ಗಂಟೆ ಹೊಸ್ತಿಲ ಮೇಲೆ ಕೂತಿದ್ದರು. ಬೀಗದ ಕೈ ಮಾವನ ಜೇಬಿನಲ್ಲಿತ್ತಲ್ಲ!

ಕುಣಿಗಲ್‌ನ ಮದುವೆಯಲ್ಲಂತೂ ಎಲೆ ಮುಂದೆ ಕೂತವರು, ಯಾರೋ ನಿಂತಿದ್ದಾರೆಂದು ಅತ್ತೆಯನ್ನೂ ಎಬ್ಬಿಸಿಕೊಂಡು ಎದ್ದರು. ಹೀಗೆ ಮೂರು ಪಂಕ್ತಿ. ಕೊನೆಗೆ ಸಿಕ್ಕಿದ್ದು ಅನ್ನ, ಉಪ್ಪಿನಕಾಯಿ. ಆಮೇಲೆ ನಾನು ಗಮನಿಸಿದೆ, ಮೂರು ಸಲವೂ ಅವರು ಜಾಗ ಬಿಟ್ಟುಕೊಟ್ಟಿದ್ದು ಅದೇ ಒಬ್ಬ ಗಡ್ಡದವನಿಗೆ!

ಅಷ್ಟರಲ್ಲಿ ಅತ್ತೆಯ ಮಂಡಿ ಊದಿತು. ಮೂಳೆ ಡಾಕ್ಟರು ಬಟವಾಡಿಯ ಕ್ಲಿನಿಕ್ಕಿಗೆ ಬರುವುದು ಶನಿವಾರ ಮಾತ್ರ. ಮಾವ ಬೆಳಿಗ್ಗೆ ಆರಕ್ಕೇ ಹೋಗಿ ಒಂದನೇ ಟೋಕನ್ ತಂದರು. ಹೆಬ್ಬೂರಿನ ಅಜ್ಜಿಯೊಬ್ಬರು ಸೊಂಟ ಹಿಡಿದು ಬಂದರು. "ಮೊದಲು ನೀವು ಹೋಗಿ." ಕುಂಟುವವರು ಬಂದರು, "ನೀವೂ ಹೋಗಿ." ಮೂಳೆ ಡಾಕ್ಟರ ಹತ್ತಿರ ಕುಂಟದವರು ಯಾರು ಬರುತ್ತಾರೆ ಸ್ವಾಮಿ? ಸಂಜೆ ಡಾಕ್ಟರು ಕಾರು ಹತ್ತಿದರು. ಮುಂದಿನ ಶನಿವಾರವೂ ಇದೇ ಕಥೆ.

"ನಿಮ್ ಹಕ್ಕು ನೀವ್ ಬಿಡಿ, ಯಾರ್ ಬೇಡಾಂದ್ರು? ನೋಯ್ತಿರೋದು ನನ್ ಮಂಡಿ ಕಣ್ರೀ!" ಎಂದರು ಅತ್ತೆ. ಆ ಭಾನುವಾರ ಅವರು ಚರ್ಚಿಗೆ ಬರಲಿಲ್ಲ, ಮೆಟ್ಟಿಲು ಇಳಿಯಲಾಗಲಿಲ್ಲ. ಮಂಚದ ಮೇಲೆ ಕೂತು ಅಳುತ್ತಿದ್ದುದನ್ನು ಮಾವ ನೋಡಿದರು.

ಮೂರನೇ ಶನಿವಾರ ಮಾವ ಡಾಕ್ಟರ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು. "ಒಬ್ರನ್ನೂ ಬಿಡಲ್ಲ! ತಪ್ಪು ತಿಳ್ಕೋಬೇಡಿ ಅಣ್ಣ. ಕ್ಷಮಿಸಿ ತಾಯಿ. ಆದ್ರೂ ಬಿಡಲ್ಲ!" ಒಂದನೇ ನಂಬರ್ ಎಂದು ಒಳಗಿನಿಂದ ಕೂಗಿದರು. ಅತ್ತೆ ನನ್ನ ಭುಜ ಹಿಡಿದು ಎದ್ದರು.

ಆಗಲೇ ವಸಂತನರಸಾಪುರದ ಫ್ಯಾಕ್ಟರಿಯಿಂದ ಕೈ ಮುರಿದುಕೊಂಡವನೊಬ್ಬನನ್ನು ಇಬ್ಬರು ಹಿಡಿದು ತಂದರು. ಅವನು ನೋವಿಗೆ ಹಲ್ಲು ಕಚ್ಚಿದ್ದ. ಅತ್ತೆ ಅವನನ್ನೇ ನೋಡಿ ಮತ್ತೆ ಕೂತುಬಿಟ್ಟರು.

"ಅವ್ರು ಹೋಗ್ಲಿ ಬಿಡ್ರಿ."

"ಆಗಲ್ಲ! ಅದು ನಿನ್ ನಂಬರ್ ಕಣೇ!"

"ನಂದೇ ಅಲ್ವಾ? ಅದಕ್ಕೇ ನಾನ್ ಬಿಡ್ತಿದೀನಿ."

ಮಾವನ ಕೈ ಇಳಿಯಿತು. ಅಷ್ಟು ಜನರೆದುರು ನೆಲದ ಮೇಲೆ ಕೂತು, ಅತ್ತೆಯ ಚಪ್ಪಲಿ ಬಿಚ್ಚಿ, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. "ತುಂಬಾ ನೋಯ್ತದೇನೇ?" ಎಂದು ಕೇಳಿದರು. ಇಷ್ಟು ದಿನಕ್ಕೆ ಅವರು ಅದನ್ನು ಕೇಳಿದ್ದು ಅದೇ ಮೊದಲು. ಕೇಳುತ್ತಲೇ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಮುಂದಿನ್ ನಂಬರ್ ಯಾರ್ಗೂ ಕೊಟ್ಬಿಡ್ಬೇಡಿ ಮತ್ತೆ."